ಹಳ್ಳಕ್ಕೆ ನೀರು ಬಂತು, ಮೀನೆಲ್ಲಿ?

ಚಿಕ್ಕಬಳ್ಳಾಪುರ ಸೀಮೆಯ ಜನ 2021ರ ನವೆಂಬರ್ ಮಳೆಯನ್ನು ಅಷ್ಟು ಬೇಗ ಮರೆಯುವವರಲ್ಲ. ಕಂದವಾರ ಕೆರೆ ಕೋಡಿ ಬಿದ್ದು ಊರೊಳಕ್ಕೇ ನೀರು ನುಗ್ಗಿತು. ವರ್ಷಗಟ್ಟಲೆ ಒಣಗಿ ಬಿದ್ದಿದ್ದ ಹೊಳೆ ಹಳ್ಳಗಳು ಭೋರ್ಗರೆದವು. ಇನ್ನು ನೀರಿನ ಬರ ತೀರಿತು ಅಂದುಕೊಂಡರು ಜನ.

ಆದರೆ ಬರೀ ನೀರು ಬಂದರೆ ಹಳ್ಳ ಬದುಕಿತು ಅಂತಲ್ಲ. ಮಂಡಿಕಲ್ ಹೋಬಳಿಯ ಹಿರೀಕರನ್ನು ಕೇಳಿ ನೋಡಿ. ಹಳ್ಳ ಬದುಕಿದೆಯೋ ಸತ್ತಿದೆಯೋ ಅನ್ನುವುದಕ್ಕೆ ಅವರ ಅಳತೆಗೋಲೇ ಬೇರೆ: ಬೇಸಿಗೆಯ ಮಡುವಿನಲ್ಲಿ ಮೀನು ಇದೆಯೋ ಇಲ್ಲವೋ?

ಮೀನಿನ ದಾರಿ

ಈ ಸೀಮೆಗೆ ವರ್ಷವಿಡೀ ಹರಿಯುವ ನದಿ ಇಲ್ಲ. ಚಿತ್ರಾವತಿ, ಪಾಪಾಗ್ನಿ, ಉತ್ತರ ಪಿನಾಕಿನಿ ಎಲ್ಲವೂ ಇಲ್ಲಿನ ಬೆಟ್ಟಗಳಲ್ಲೇ ಹುಟ್ಟಿ, ಮಳೆ ಬಂದಾಗ ಹರಿದು ಆಂಧ್ರಕ್ಕೆ ಹೋಗುವಂಥವು. ಆದ್ದರಿಂದಲೇ ಹಿಂದಿನವರು ಕೆರೆಯ ಕೆಳಗೆ ಕೆರೆ ಕಟ್ಟಿ ಸರಪಳಿ ಮಾಡಿದರು. ಮೇಲಿನ ಕೆರೆಯ ಕೋಡಿ ನೀರು ಹಳ್ಳ ಹಿಡಿದು ಕೆಳಗಿನ ಕೆರೆಗೆ. ಮೀನಿನ ದಾರಿಯೂ ಅದೇ.

ಮೊದಲ ದೊಡ್ಡ ಮಳೆಗೆ ಪಕ್ಕೆ, ಗೆಂಡೆ ಮೀನುಗಳು ನೀರಿಗೆ ಎದುರಾಗಿ ಏರಿ ಬಂದು ತಗ್ಗು ನೀರಿನಲ್ಲಿ ಮೊಟ್ಟೆ ಇಡುತ್ತವೆ. ತೆಲುಗಿನವರು ಕೊರ್ರಮೀನು ಅನ್ನುವ ನಮ್ಮ ಕೊರವ ಇನ್ನೂ ಗಟ್ಟಿಗ. ನೀರು ಕೆಟ್ಟು ಉಸಿರು ಕಟ್ಟಿದರೆ ಮೇಲೆ ಬಂದು ಗಾಳಿಯನ್ನೇ ಕುಡಿಯುತ್ತದೆ. ಅಂಚಿನ ಜೊಂಡಿನಲ್ಲಿ ಗೂಡು ಮಾಡಿ ಮರಿಗಳನ್ನು ಕಾಯುತ್ತದೆ. ಇಂಥ ಗಟ್ಟಿಗನಿಗೂ ಬೇಸಿಗೆ ಕಳೆಯಲು ಒಂದು ಮಡು ಬೇಕು, ಮಡುವಿನ ದಡದಲ್ಲಿ ನೆರಳು ಬೇಕು.

ಕೆಡಿಸಿದವರು ಯಾರು?

ಮೊದಲನೆಯದು ಮರಳು. ಹಳ್ಳದ ಮರಳು ಸ್ಪಂಜಿನ ಹಾಗೆ. ಮಳೆ ನೀರನ್ನು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ಮಡುವಿಗೆ ಒಸರಿಸುತ್ತದೆ. ಲಾರಿಗಟ್ಟಲೆ ಮರಳು ಬೆಂಗಳೂರಿಗೆ ಹೋಯಿತು, ಒಸರು ನಿಂತಿತು. ಮರಳು ಮುಗಿದ ಮೇಲೆ ಮಣ್ಣನ್ನೇ ತೊಳೆದು ತೆಗೆಯುವ ಫಿಲ್ಟರ್ ಮರಳಿನ ದಂಧೆ ಬಂತು. ತೊಳೆದ ಗೋಡು ಹಳ್ಳದಲ್ಲಿ ಕೂತರೆ ಮೀನಿನ ಮೊಟ್ಟೆ ಅದರಡಿಯಲ್ಲೇ ಸಮಾಧಿ.

ಎರಡನೆಯದು ಸಾವಿರ ಅಡಿ ದಾಟಿದ ಬೋರ್‌ವೆಲ್. ಕೆಳಗಿನ ನೀರು ಪಾತಾಳಕ್ಕೆ ಇಳಿದ ಮೇಲೆ ಮಡುವಿನಲ್ಲಿ ನೀರು ನಿಂತೀತು ಹೇಗೆ? ಜೊತೆಗೆ ದಿಣ್ಣೆ ತುಂಬಾ ನೀಲಗಿರಿ.

ಮೂರನೆಯದನ್ನು ಒಳ್ಳೇದು ಮಾಡಲು ಹೋಗಿ ಮಾಡಿದ್ದು. ಹಳ್ಳಕ್ಕೆ ಅಡ್ಡಲಾಗಿ ಆಳೆತ್ತರದ ಚೆಕ್ ಡ್ಯಾಂ. ನೀರು ನಿಂತಿತು, ನಿಜ. ಆದರೆ ಏರಿ ಬರುವ ಮೀನಿಗೆ ಅದು ಕೋಟೆ ಗೋಡೆ. ಗೋಡೆಯ ಬುಡದಲ್ಲಿ ಗುಂಪುಗೂಡಿದ ಬಸುರಿ ಮೀನುಗಳನ್ನು ಬುಟ್ಟಿಯಲ್ಲೇ ಬಾಚಿಕೊಳ್ಳಬಹುದು!

ಬೆಂಗಳೂರಿನ ನೀರು

ಈಗ ಹೆಬ್ಬಾಳ-ನಾಗವಾರ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಜಿಲ್ಲೆಯ ಕೆರೆಗಳಿಗೆ ತರುವ ಎಚ್.ಎನ್. ವ್ಯಾಲಿ ಯೋಜನೆ ಬಂದಿದೆ. ಯೋಜನೆಯ ಲೆಕ್ಕ ದಿನಕ್ಕೆ 210 ದಶಲಕ್ಷ ಲೀಟರ್. ಮೂರನೇ ಹಂತದ ಶುದ್ಧೀಕರಣವೂ ಆಗಲಿ ಅಂತ ಶಾಶ್ವತ ನೀರಾವರಿ ಹೋರಾಟ ಸಮಿತಿ ಪಟ್ಟು ಹಿಡಿದದ್ದು ಸುಮ್ಮನೆ ಅಲ್ಲ. ಪಕ್ಕದ ಕೋಲಾರದಲ್ಲಿ 2018ರಲ್ಲಿ ಕೆ.ಸಿ. ವ್ಯಾಲಿ ನೀರು ಬಂದ ಹೊಸತರಲ್ಲೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದದ್ದನ್ನು ಎಲ್ಲರೂ ಕಂಡಿದ್ದಾರೆ.

ಮೀನಿನ ಮಟ್ಟಿಗೆ ಹೇಳುವುದಾದರೆ, ಅಮೋನಿಯಾ ಹೆಚ್ಚಿ ಆಮ್ಲಜನಕ ಕಡಿಮೆಯಾದ ನೀರಿನಲ್ಲಿ ಪಕ್ಕೆ, ಗೆಂಡೆ ಬದುಕುವುದು ಕಷ್ಟ. ಅಲ್ಲಿ ಕೊಬ್ಬುವುದು ಆಫ್ರಿಕನ್ ಕ್ಯಾಟ್‌ಫಿಶ್. ಕೇಂದ್ರ ಸರ್ಕಾರ 2000ದಲ್ಲೇ ಇದರ ಸಾಕಣೆ ಬೇಡ ಅಂದಿದೆ. ಆದರೂ ಕದ್ದು ಸಾಕುವವರು ಇದ್ದೇ ಇದ್ದಾರೆ. ಒಂದು ಕೋಡಿ ಬಿದ್ದರೆ ಸಾಕು, ಆ ರಾಕ್ಷಸ ಹಳ್ಳ ಸೇರಿ ಇದ್ದಬದ್ದ ಮರಿಗಳನ್ನೆಲ್ಲ ನುಂಗುತ್ತದೆ.

ಶಿಶಿಲದ ಪಾಠ

ಸತ್ತ ಹಳ್ಳ ಮತ್ತೆ ಬದುಕೀತೇ? ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ಕಡೆ ನೋಡಿ. ಅಲ್ಲಿ ಶಿಶಿಲೇಶ್ವರ ದೇವಸ್ಥಾನದ ಮುಂದೆ ಕಪಿಲಾ ಹೊಳೆ. ಅದರಲ್ಲಿ ದೇವರ ಮೀನು. 1996ರಲ್ಲಿ ಪಾಪಿಗಳು ಹೊಳೆಗೆ ವಿಷ ಹಾಕಿದರು, ಸಾವಿರಾರು ಮೀನು ತೇಲಿದವು. ಊರವರು ಅತ್ತು ಸುಮ್ಮನಾಗಲಿಲ್ಲ. ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿದರು, ಹೊಳೆಗೆ ಕಾವಲು ನಿಂತರು. ಇವತ್ತು ಹೋದವರಿಗೆ ಮೆಟ್ಟಿಲ ಬಳಿ ಕಿಕ್ಕಿರಿದ ಮೀನು ಕಾಣುತ್ತದೆ.

ಮಲೆನಾಡಿನ ಸೆರಗಿನ ಹೊಳೆಯೇ ಬೇರೆ, ಬಯಲುಸೀಮೆಯ ಹಳ್ಳವೇ ಬೇರೆ ಅನ್ನಬಹುದು. ಒಪ್ಪತಕ್ಕ ಮಾತೇ. ಕಪಿಲೆಯ ನೀರನ್ನು ಇಲ್ಲಿಗೆ ತರಲಾಗದು. ಆದರೆ ಕಾವಲು ನಿಲ್ಲುವುದಕ್ಕೆ ನೀರು ಬೇಕಿಲ್ಲವಲ್ಲ!

ಪಂಚಾಯಿತಿ ಮಾಡಬಹುದಾದದ್ದು

ಕೋಟಿಗಟ್ಟಲೆ ಹಣದ ಮಾತು ಇದಲ್ಲ. ಹೂಳೆತ್ತುವಾಗ ಹಳ್ಳವನ್ನು ಚರಂಡಿಯ ಹಾಗೆ ಸಮತಟ್ಟು ಮಾಡದೆ, ಅಲ್ಲಲ್ಲಿ ಆಳದ ಮಡು ಬಿಡುವುದು. ಚೆಕ್ ಡ್ಯಾಂ ಕೆಳಗೆ ದಪ್ಪ ಕಲ್ಲುಗಳನ್ನು ಇಳಿಜಾರಾಗಿ ಪೇರಿಸಿ ಮೀನಿಗೆ ಮೆಟ್ಟಿಲು ಮಾಡುವುದು. ದಡದಲ್ಲಿ ಹೊಂಗೆ, ನೇರಳೆ, ಲಕ್ಕಿ ನೆಡುವುದು. ಅಂಚಿನ ಜೊಂಡನ್ನು ಕಸ ಅಂತ ಕಿತ್ತೆಸೆಯದಿರುವುದು. ಮೊದಲ ಹೊನಲಿನಲ್ಲಿ ಏರುವ ಮೀನಿಗೆ ಕೆಲವು ವಾರ ಬಲೆ ಹಾಕದೆ ಬಿಡುವುದು. ಹಳ್ಳಕ್ಕೆ ವಿಷ, ಸಿಡಿಮದ್ದು ಹಾಕುವುದಂತೂ 1897ರ ಮೀನುಗಾರಿಕೆ ಕಾಯಿದೆಯ ಕಾಲದಿಂದಲೂ ಅಪರಾಧ.

ಜೀವವೈವಿಧ್ಯ ಕಾಯಿದೆ 2002ರ ಪ್ರಕಾರ ಪ್ರತಿ ಪಂಚಾಯಿತಿಗೂ ಒಂದು ಜೀವವೈವಿಧ್ಯ ಸಮಿತಿ ಇರಬೇಕು. ಊರಿನ ಹಳ್ಳದಲ್ಲಿ ಯಾವ ಯಾವ ಮೀನು ಇದೆ, ಯಾವುದು ಇತ್ತು ಎಂದು ದಾಖಲಿಸುವುದು ಆ ಸಮಿತಿಯ ಕೆಲಸ. ಮುಂದಿನ ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ನಿಂತು ಆ ಪುಸ್ತಕ ತೋರಿಸಿ ಅಂತ ಕೇಳಬೇಕು. ಮೀನಿನ ಹೆಸರು ಬಲ್ಲ ಮುದುಕರು ಇನ್ನೂ ಇದ್ದಾರೆ. ಅವರು ಹೋದ ಮೇಲೆ ಏನು ಕಳಕೊಂಡೆವು ಅಂತ ಹೇಳುವವರೂ ಸಿಗುವುದಿಲ್ಲ.