ಪಾಠ ಕೇಳಿಸದ ಮಗುವನ್ನು ದಡ್ಡನೆನ್ನಬೇಡಿ

ಹುಡುಗನಿಗೆ ಎಂಟು ವರ್ಷ. ಮೂರನೆಯ ತರಗತಿ. ಲೆಕ್ಕದಲ್ಲಿ ಚುರುಕು, ಚಿತ್ರವನ್ನೂ ಚೆನ್ನಾಗಿ ಬರೆಯುತ್ತಾನೆ. ಆದರೆ ಉಕ್ತಲೇಖನದಲ್ಲಿ ಹತ್ತಕ್ಕೆ ಎರಡೋ ಮೂರೋ ಅಂಕ. ಮೇಷ್ಟ್ರು ‘ಕಪ್ಪೆ’ ಎಂದರೆ ಅವನು ‘ಕತ್ತೆ’ ಎಂದು ಬರೆಯುತ್ತಾನೆ, ‘ಕತ್ತೆ’ ಎಂದರೆ ‘ಕಟ್ಟೆ’ ಎಂದು. ಪ್ರಶ್ನೆ ಕೇಳಿದರೆ ಪಕ್ಕದವನ ಮುಖ ನೋಡುತ್ತಾನೆ. “ಇವನಿಗೆ ಗಮನವೇ ಇಲ್ಲ ಡಾಕ್ಟ್ರೇ. ಟಿ.ವಿ. ಹಾಕಿದರೆ ಮಾತ್ರ ಅದರ ಮುಂದೆ ಹೋಗಿ ಕೂರುತ್ತಾನೆ, ಸೌಂಡು ಬೇರೆ ಜಾಸ್ತಿ ಮಾಡುತ್ತಾನೆ. ಅವರಪ್ಪ ಹೊಡೆದೂ ನೋಡಿದರು” ಎನ್ನುತ್ತಾ ತಾಯಿ ಕಣ್ಣೊರೆಸಿಕೊಳ್ಳುತ್ತಾರೆ.

ಕಿವಿ ತಜ್ಞರ ಬಳಿಗೆ ಇಂತಹ ಮಕ್ಕಳು ಬರುವುದು ಅಪರೂಪವೇನಲ್ಲ. ಪರೀಕ್ಷಿಸಿದಾಗ ತಿಳಿಯುವುದೇನೆಂದರೆ, ಮಗುವಿಗೆ ಗಮನವಿಲ್ಲವೆಂದಲ್ಲ, ಮಾತು ಪೂರ್ತಿಯಾಗಿ ಕಿವಿಗೆ ಬೀಳುತ್ತಿಲ್ಲ. ಪೂರ್ಣ ಕಿವುಡುತನವಾದರೆ ಮಗು ಮಾತನ್ನೇ ಕಲಿಯುವುದಿಲ್ಲ, ಆದ್ದರಿಂದ ಮನೆಯವರಿಗೆ ಬೇಗ ಗೊತ್ತಾಗುತ್ತದೆ. ಅರೆಬರೆ ಕಿವುಡುತನ ಹಾಗಲ್ಲ. ಮಗು ಮಾತನಾಡುತ್ತದೆ, ಹತ್ತಿರದಿಂದ ಕರೆದರೆ ತಿರುಗುತ್ತದೆ. ದೋಷ ಹೊರಬೀಳುವುದು ಶಾಲೆಯಲ್ಲಿ.

ತರಗತಿಯಲ್ಲೇ ಏಕೆ ತೊಂದರೆ?

ಮನೆಯಲ್ಲಿ ತಾಯಿ ಒಂದು ಮಾರು ದೂರದಿಂದ ಮಾತನಾಡುತ್ತಾಳೆ. ತರಗತಿಯಲ್ಲಿ ಶಿಕ್ಷಕರು ಐದಾರು ಮೀಟರ್ ದೂರದಲ್ಲಿ ನಿಂತಿರುತ್ತಾರೆ. ಸಾಧಾರಣ ಮಾತಿನ ಧ್ವನಿ ಹತ್ತಿರದಲ್ಲಿ ಸುಮಾರು 60 ಡೆಸಿಬೆಲ್‌ನಷ್ಟಿರುತ್ತದೆ. ಬಯಲಿನಲ್ಲಾದರೆ ದೂರ ಇಮ್ಮಡಿಯಾದಂತೆಲ್ಲಾ ಅದು 6 ಡೆಸಿಬೆಲ್‌ನಷ್ಟು ಇಳಿಯುತ್ತದೆ. ಕೋಣೆಯೊಳಗೆ ಇಳಿಕೆ ಇಷ್ಟಿರುವುದಿಲ್ಲವಾದರೂ, ಗೋಡೆಗೆ ಬಡಿದು ಹಿಂದಿರುಗುವ ಪ್ರತಿಧ್ವನಿ ಮಾತನ್ನು ಕಲಸಿಬಿಡುತ್ತದೆ. ಇದರ ಮೇಲೆ ಫ್ಯಾನಿನ ಸದ್ದು, ಬೆಂಚು ಎಳೆಯುವ ಸದ್ದು, ಪಕ್ಕದ ತರಗತಿಯ ಮಗ್ಗಿ, ರಸ್ತೆಯ ಹಾರನ್ನು. ತಗಡಿನ ಛಾವಣಿಯಾದರೆ ಮಳೆಗಾಲದಲ್ಲಿ ಪಾಠವೇ ನಿಲ್ಲಬೇಕಾಗುತ್ತದೆ.

ಭಾಷೆ ಚೆನ್ನಾಗಿ ಬಲ್ಲ ದೊಡ್ಡವರು ಅರ್ಧ ಕೇಳಿಸಿದರೂ ಉಳಿದರ್ಧವನ್ನು ಊಹಿಸಿಕೊಳ್ಳುತ್ತಾರೆ. ಇನ್ನೂ ಭಾಷೆ ಕಲಿಯುತ್ತಿರುವ ಮಗುವಿಗೆ ಈ ಊಹೆ ಸಾಧ್ಯವಿಲ್ಲ. ಅ, ಆ, ಎ, ಓ ಮುಂತಾದ ಸ್ವರಗಳು ಗಟ್ಟಿಯಾಗಿ ಕೇಳಿಸುತ್ತವೆ. ಪ, ತ, ಸ, ಶ ಮುಂತಾದ ವ್ಯಂಜನಗಳ ಸದ್ದು ತೀರ ಮೆಲುವು. ಕಪ್ಪೆ, ಕತ್ತೆ, ಕಟ್ಟೆಗಳ ನಡುವೆ ವ್ಯತ್ಯಾಸವಿರುವುದು ನಡುವಿನ ವ್ಯಂಜನದಲ್ಲಿ ಮಾತ್ರ. ಅದೇ ಕೇಳಿಸದಿದ್ದರೆ ಮಗು ಸರಿಯಾಗಿ ಬರೆಯುವುದಾದರೂ ಹೇಗೆ?

ಕಾರಣಗಳು

ಪ್ರಾಥಮಿಕ ಶಾಲೆಯ ವಯಸ್ಸಿನಲ್ಲಿ ಕಾಣುವ ಕಾರಣಗಳು ಹಲವು. ಕಿವಿಯಲ್ಲಿ ಗಟ್ಟಿಯಾಗಿ ಕೂತ ಗುಗ್ಗೆ ಒಂದು. ನೆಗಡಿಯ ನಂತರ ಕಿವಿತಮಟೆಯ ಹಿಂದೆ ಅಂಟಾದ ದ್ರವ ತುಂಬಿಕೊಳ್ಳುವುದು ಮತ್ತೊಂದು. ಇದರಲ್ಲಿ ನೋವಿರುವುದಿಲ್ಲ, ಆದ್ದರಿಂದ ಯಾರ ಗಮನಕ್ಕೂ ಬರುವುದಿಲ್ಲ. ಬಹಳಷ್ಟು ಮಕ್ಕಳಲ್ಲಿ ಇದು ಮೂರು ತಿಂಗಳೊಳಗೆ ತಾನಾಗಿಯೇ ಗುಣವಾಗುತ್ತದೆ. ಆಗದಿದ್ದರೆ ತಮಟೆಯಲ್ಲಿ ಸಣ್ಣ ಕೊಳವೆ ಕೂರಿಸುವ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಸೋರುವ ಕಿವಿಯಿಂದ ತಮಟೆ ತೂತಾಗಿರಬಹುದು. ಹುಟ್ಟಿನಿಂದಲೇ ಬಂದ ಒಳಗಿವಿಯ ದೋಷ, ಮಿದುಳು ಪೊರೆಯ ಉರಿಯೂತ, ಕೆಲವು ಔಷಧಿಗಳ ದುಷ್ಪರಿಣಾಮ ಇವೂ ಕಾರಣವಾಗುತ್ತವೆ. ಮಕ್ಕಳ ಕಿವುಡುತನದಲ್ಲಿ ಶೇಕಡಾ 60ರಷ್ಟು ತಡೆಗಟ್ಟಬಹುದಾದದ್ದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಆದ್ದರಿಂದ ಮೊದಲ ಹೆಜ್ಜೆ ಯಂತ್ರ ಕೊಳ್ಳುವುದಲ್ಲ, ಕಾರಣ ತಿಳಿಯುವುದು. ಕಿವಿ-ಮೂಗು-ಗಂಟಲು ತಜ್ಞರು ಕಿವಿ ನೋಡಿದ ನಂತರ ಆಡಿಯೋಗ್ರಾಂ ಪರೀಕ್ಷೆಯಿಂದ ಎಷ್ಟು ಕೇಳಿಸುತ್ತದೆ, ಯಾವ ಸ್ವರಗಳು ಕೇಳಿಸುವುದಿಲ್ಲ ಎಂಬುದು ಗೊತ್ತಾಗುತ್ತದೆ. ಇದರಲ್ಲಿ ನೋವಿಲ್ಲ, ಚುಚ್ಚುವುದಿಲ್ಲ.

ಶ್ರವಣ ಸಾಧನ

ಔಷಧಿ, ಶಸ್ತ್ರಚಿಕಿತ್ಸೆಗಳಿಂದ ಸರಿಹೋಗದ ದೋಷಕ್ಕೆ ಶ್ರವಣ ಸಾಧನ ಬೇಕು. ಹಿಂದೆ ಜೇಬಿನಲ್ಲಿಟ್ಟು ತಂತಿಯಿಂದ ಕಿವಿಗೆ ಜೋಡಿಸುತ್ತಿದ್ದ ಪೆಟ್ಟಿಗೆ ಹಲವರಿಗೆ ನೆನಪಿರಬಹುದು. ಈಗ ಕಿವಿಯ ಹಿಂದೆ ಕೂರುವ ಪುಟ್ಟ ಡಿಜಿಟಲ್ ಸಾಧನಗಳು ಬಂದಿವೆ. ಒಳಗಿನ ಮೈಕ್ ಧ್ವನಿಯನ್ನು ಹಿಡಿಯುತ್ತದೆ. ಮಗುವಿಗೆ ಯಾವ ಸ್ವರ ಎಷ್ಟು ಕಡಿಮೆ ಕೇಳಿಸುತ್ತದೋ ಅದನ್ನು ಅಷ್ಟು ಹೆಚ್ಚಿಸಿ ಕಿವಿಗೆ ಕಳಿಸುವಂತೆ ಶ್ರವಣತಜ್ಞರು ಅದನ್ನು ಹೊಂದಿಸುತ್ತಾರೆ. ಬೇರೆಯವರ ಸಾಧನವನ್ನು ಮಗುವಿಗೆ ಹಾಕುವುದು, ಅಂಗಡಿಯಿಂದ ನೇರವಾಗಿ ತಂದು ಹಾಕುವುದು ಸರಿಯಲ್ಲ. ಎರಡೂ ಕಿವಿಗಳಲ್ಲಿ ತೀವ್ರ ದೋಷವಿದ್ದು ಸಾಧನದಿಂದ ಪ್ರಯೋಜನವಾಗದ ಚಿಕ್ಕ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆ ಇದೆ. ಅದು ಬೇಗ ಆದಷ್ಟೂ ಮಾತು ಚೆನ್ನಾಗಿ ಬರುತ್ತದೆ.

ಗುರುಗಳ ಕೊರಳಿನ ಮೈಕ್

ಶ್ರವಣ ಸಾಧನಕ್ಕೊಂದು ಮಿತಿ ಇದೆ. ಅದು ಪಾಠವನ್ನೂ ಗದ್ದಲವನ್ನೂ ಒಟ್ಟಿಗೇ ಹಿಡಿಯುತ್ತದೆ. ಇದಕ್ಕೆಂದೇ ‘ಎಫ್.ಎಂ. ಸಾಧನ’ ಅಥವಾ ದೂರ ಮೈಕ್ ಎಂಬ ಉಪಕರಣವಿದೆ. ಶಿಕ್ಷಕರು ಬಾಯಿಂದ ಒಂದು ಗೇಣು ಕೆಳಗೆ, ಕೊರಳಲ್ಲೋ ಅಂಗಿಯ ಮೇಲೋ ಪುಟ್ಟ ಮೈಕ್ ಧರಿಸುತ್ತಾರೆ. ಅವರ ಧ್ವನಿ ರೇಡಿಯೋ ತರಂಗದ ಮೂಲಕ ನೇರವಾಗಿ ಮಗುವಿನ ಶ್ರವಣ ಸಾಧನಕ್ಕೆ ಬರುತ್ತದೆ. ಅವರು ಹಲಗೆಯ ಕಡೆ ತಿರುಗಿ ಬರೆಯುತ್ತಿದ್ದರೂ ಮಗುವಿನ ಪಕ್ಕದಲ್ಲೇ ನಿಂತು ಮಾತನಾಡಿದಂತೆ ಕೇಳಿಸುತ್ತದೆ. ಶ್ರವಣದೋಷವಿರುವ ಮಗುವಿಗೆ ಶಿಕ್ಷಕರ ಧ್ವನಿ ಸುತ್ತಲಿನ ಸದ್ದಿಗಿಂತ 15 ಡೆಸಿಬೆಲ್‌ನಷ್ಟಾದರೂ ಮೇಲಿರಬೇಕೆಂಬುದು ತಜ್ಞರ ಸಲಹೆ. ಗಟ್ಟಿಯಾಗಿ ಕೂಗುವುದರಿಂದ ದಿನವಿಡೀ ಇದನ್ನು ಸಾಧಿಸಲಾಗದು, ಈ ಮೈಕಿನಿಂದ ಸಾಧ್ಯ. ಬೇರೆ ಮಗು ಉತ್ತರ ಹೇಳುವಾಗ ಮೈಕನ್ನು ಅದರ ಕೈಗೆ ಕೊಡಬೇಕು. ಶಿಕ್ಷಕರು ಹೊರಗೆ ಹೋಗುವಾಗ ಆಫ್ ಮಾಡಬೇಕು. ಇಲ್ಲದಿದ್ದರೆ ಸ್ಟಾಫ್ ರೂಮಿನ ಮಾತೆಲ್ಲಾ ಮಗುವಿನ ಕಿವಿಗೆ!

ಖರ್ಚಿಲ್ಲದ ಉಪಾಯಗಳು

ಮೈಕ್ ಎಲ್ಲ ಶಾಲೆಗಳಿಗೂ ಎಟುಕದಿರಬಹುದು. ಆದರೆ ಇವಕ್ಕೆ ಹಣ ಬೇಕಿಲ್ಲ:

* ಮಗುವನ್ನು ಮುಂದಿನ ಬೆಂಚಿನಲ್ಲಿ, ಕಿಟಕಿ ಮತ್ತು ಬಾಗಿಲಿನಿಂದ ದೂರ, ಚೆನ್ನಾಗಿ ಕೇಳಿಸುವ ಕಿವಿ ಶಿಕ್ಷಕರ ಕಡೆಗಿರುವಂತೆ ಕೂರಿಸಿ.

* ಮುಖಕ್ಕೆ ಬೆಳಕು ಬೀಳುವಂತೆ ನಿಂತು ಮಾತನಾಡಿ. ಮಗು ತುಟಿಗಳ ಚಲನೆಯನ್ನೂ ಓದುತ್ತದೆ.

* ಬೆಂಚು, ಕುರ್ಚಿಗಳ ಕಾಲಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಕಟ್ಟಿ. ಎಳೆದಾಡುವ ಸದ್ದು ಅಡಗುತ್ತದೆ.

* ಮುಖ್ಯವಾದ ಪದಗಳನ್ನು ಹಲಗೆಯ ಮೇಲೆ ಬರೆಯಿರಿ. “ಅರ್ಥವಾಯಿತೇ?” ಎಂದು ಕೇಳಬೇಡಿ. ಎಲ್ಲ ಮಕ್ಕಳೂ ಹೌದೆಂದೇ ತಲೆಯಾಡಿಸುತ್ತವೆ. ಹೇಳಿದ್ದನ್ನು ತಿರುಗಿ ಹೇಳಿಸಿ.

ಪಾಲಕರಿಗೆ

“ಕಿವಿಗೆ ಮೆಷಿನ್ ಹಾಕಿದರೆ ನಾಲ್ಕು ಜನ ಏನೆನ್ನುತ್ತಾರೆ? ಹೆಣ್ಣುಮಗು, ಮುಂದೆ ಮದುವೆ ಹೇಗೆ?” ಎಂದು ಹಿಂಜರಿಯುವ ತಂದೆ ತಾಯಿಗಳಿದ್ದಾರೆ. ಕಣ್ಣಿಗೆ ಕನ್ನಡಕ ಹಾಕಿಸಲು ನಾಚದ ನಾವು ಕಿವಿಯ ವಿಷಯದಲ್ಲಿ ಏಕೆ ನಾಚಬೇಕು? ಮಾತು, ಓದು ಕಲಿಯುವ ವರ್ಷಗಳು ಕಳೆದರೆ ಆ ನಷ್ಟ ತುಂಬುವುದು ಬಲು ಕಷ್ಟ.

ಮೊದಲ ದಿನಗಳಲ್ಲಿ ಮಗು ಸಾಧನವನ್ನು ಕಿತ್ತುಹಾಕಬಹುದು. ಪಾತ್ರೆಯ ಸದ್ದೂ ಅದಕ್ಕೆ ಹೊಸದು. ಗದರಿಸದೆ, ಹಾಕಿಕೊಳ್ಳುವ ಹೊತ್ತನ್ನು ದಿನದಿನಕ್ಕೆ ಹೆಚ್ಚಿಸಿ. ಕಿವಿ ಬೆಳೆದಂತೆ ಕಿವಿಯಚ್ಚು ಸಡಿಲವಾಗಿ ‘ಕುಯ್’ ಎಂಬ ಸದ್ದು ಬರುತ್ತದೆ, ಆಗ ಹೊಸ ಅಚ್ಚು ಮಾಡಿಸಬೇಕು. ಸ್ನಾನಕ್ಕೆ ಮುಂಚೆ ಸಾಧನವನ್ನು ತೆಗೆದಿಡಿ. ಅದರ ಗುಂಡಿ ಬ್ಯಾಟರಿ ಚಿಕ್ಕ ಮಕ್ಕಳ ಕೈಗೆ ಸಿಗಬಾರದು. ಮಗು ಅದನ್ನು ನುಂಗಿದರೆ ಅಥವಾ ಮೂಗಿಗೆ ತುರುಕಿಕೊಂಡರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಕಿವಿಗೆ ಬಿಸಿ ಎಣ್ಣೆ ಬಿಡುವುದು, ಬೆಂಕಿಕಡ್ಡಿ, ಹೇರ್‌ಪಿನ್ನುಗಳಿಂದ ಗುಗ್ಗೆ ತೆಗೆಯುವುದು ಖಂಡಿತ ಬೇಡ. ಕಪಾಳಕ್ಕೆ ಹೊಡೆದರೆ ಕಿವಿತಮಟೆ ಹರಿಯಬಹುದೆಂಬುದು ಪಾಲಕರಿಗೂ ಶಿಕ್ಷಕರಿಗೂ ನೆನಪಿರಲಿ.

ಎಲ್ಲಿಗೆ ಹೋಗಬೇಕು?

ಜಿಲ್ಲಾ ಆಸ್ಪತ್ರೆಯ ಕಿವಿ ವಿಭಾಗದಲ್ಲಿ ವಿಚಾರಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬರುವ ವೈದ್ಯರ ತಂಡ ಶ್ರವಣದೋಷವನ್ನೂ ನೋಡುತ್ತದೆ. ತಂಡ ಬಂದ ದಿನ ನಿಮ್ಮ ಅನುಮಾನವನ್ನು ತಪ್ಪದೆ ಹೇಳಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ, ಸಾಧನ, ಮಾತಿನ ತರಬೇತಿ ಒಂದೇ ಕಡೆ ದೊರೆಯುತ್ತವೆ. ಕಡಿಮೆ ವರಮಾನದವರಿಗೆ ಕೇಂದ್ರ ಸರ್ಕಾರದ ಯೋಜನೆಯಡಿ ಶ್ರವಣ ಸಾಧನದ ನೆರವೂ ಇದೆ.

ಮಗು “ಆಂ? ಏನು?” ಎಂದು ಪದೇಪದೇ ಕೇಳುತ್ತಿದ್ದರೆ, ಟಿ.ವಿ. ಸದ್ದು ಹೆಚ್ಚಿಸುತ್ತಿದ್ದರೆ, ಕಿವಿ ಸೋರುತ್ತಿದ್ದರೆ, ಅಂಕಗಳು ಕಾರಣವಿಲ್ಲದೆ ಇಳಿಯುತ್ತಿದ್ದರೆ ಬೈಯುವ ಮೊದಲು ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ. ಕೇಳಿಸದ ಪಾಠಕ್ಕಾಗಿ ಮಗು ಏಟು ತಿನ್ನುವಂತಾಗಬಾರದು.