ಎಂಟನೆಯ ದಿನದ ನಂತರ

ಕುಡಿತ ಬಿಡುವುದು ಕಷ್ಟವೋ, ಬಿಟ್ಟ ಮೇಲೆ ಹಾಗೆಯೇ ಉಳಿಯುವುದು ಕಷ್ಟವೋ? ವ್ಯಸನಮುಕ್ತಿಯ ಚರ್ಚೆಯನ್ನು ನೋಡುವ ವೀಕ್ಷಕರು ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಬಾಗಲಕೋಟೆಯ ಸೀಮೆಗೆ ಈ ಕೆಲಸ ಹೊಸದಲ್ಲ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಅವರು ಬೇಡಿದ್ದು ಕಾಳುಕಡಿಯನ್ನಲ್ಲ, ಜನರ ದುಶ್ಚಟಗಳನ್ನು. ಓಣಿಯ ನಾಲ್ಕು ಜನರೆದುರು ಕೊಟ್ಟ ಮಾತನ್ನು ಮುರಿಯಲು ಮನುಷ್ಯ ಹಿಂಜರಿಯುತ್ತಾನೆ. 'ಮಹಾಂತ ಜೋಳಿಗೆ'ಯ ಬಲ ಅದೇ. ಶ್ರೀಗಳು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ.

ಆದರೆ ದಿನವೂ ವಿಪರೀತ ಕುಡಿಯುವವರಿಗೆ ಸಂಕಲ್ಪವೊಂದೇ ಸಾಲದು. ಮದ್ಯ ಮಿದುಳಿನ ಚಟುವಟಿಕೆಯನ್ನು ತಗ್ಗಿಸುತ್ತದೆ. ಅದನ್ನು ಸರಿದೂಗಿಸಲು ಮಿದುಳು ತನ್ನ ವೇಗವನ್ನು ಹೆಚ್ಚಿಸಿಕೊಳ್ಳುತ್ತದೆ. ಮದ್ಯ ಥಟ್ಟನೆ ನಿಂತಾಗ ಆ ವೇಗಕ್ಕೆ ತಡೆಯಿರುವುದಿಲ್ಲ. ಒಂದು ದಿನದೊಳಗೆ ಕೈನಡುಕ, ಬೆವರು, ನಿದ್ರಾಹೀನತೆ. ಕೆಲವರಿಗೆ ಎರಡು ದಿನಗಳೊಳಗೆ ಫಿಟ್ಸ್. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಪ್ರಾಣಕ್ಕೇ ಅಪಾಯ ತರುವ ಸನ್ನಿ. ಆದ್ದರಿಂದ ಇಂಥವರು ವೈದ್ಯರ ಕಣ್ಣೆದುರಿನಲ್ಲೇ ಬಿಡಬೇಕು. ಮನೆಯಲ್ಲಿ ಕೂಡಿಹಾಕಿ ಬಿಡಿಸುವುದು ಅಪಾಯಕರ.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಹಾಗೂ ಜನಜಾಗೃತಿ ವೇದಿಕೆ ರಾಜ್ಯದ ಊರುಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳು ಸುಮಾರು ಎಂಟು ದಿನಗಳವು. ಸ್ಥಳೀಯ ಸಮಿತಿಯೇ ಹೊಣೆ ಹೊರುತ್ತದೆ. ಆಪ್ತಸಲಹೆ, ಯೋಗ, ಭಜನೆಗಳೊಂದಿಗೆ ಕುಟುಂಬದವರೊಡನೆಯೂ ಮಾತುಕತೆ ನಡೆಯುತ್ತದೆ. ಎಂಟು ದಿನಗಳಲ್ಲಿ ದೇಹ ಬಹುಮಟ್ಟಿಗೆ ಸುಧಾರಿಸಿಕೊಳ್ಳುತ್ತದೆ. ಆದರೆ ಊರು ಹಾಗೆಯೇ ಇರುತ್ತದೆ: ಅದೇ ಗೆಳೆಯರು, ಅದೇ ಸಂತೆಯ ದಿನ, ಅದೇ ಅಂಗಡಿ. ಶಿಬಿರ ಮುಗಿಸಿದವರು ಕೂಡಿಕೊಳ್ಳುವ 'ನವಜೀವನ ಸಮಿತಿ'ಗಳು ಇರುವುದು ಇದಕ್ಕಾಗಿಯೇ. ನೂರು ದಿನ ಪೂರೈಸಿದವರಿಗೆ ಶತದಿನೋತ್ಸವವೂ ಉಂಟು.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು; ಕುಡಿತ ನಿಲ್ಲಲಿಲ್ಲ. ಅಂಗಡಿ ಮುಚ್ಚಿದರಷ್ಟೇ ಸಾಲದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಜಮಖಂಡಿ, ಮುಧೋಳ, ಬೀಳಗಿಯ ರೈತನ ಮನೆಗೆ ಕಬ್ಬಿನ ಬಿಲ್ಲು ಬಂದ ದಿನ, ರಬಕವಿ-ಬನಹಟ್ಟಿಯ ನೇಕಾರನ ಕೈಗೆ ಪಗಾರ ಸೇರಿದ ಸಂಜೆ ಎಚ್ಚರ ಹೆಚ್ಚು ಬೇಕು. ಆ ಸಂಜೆ ಜೊತೆಗಿರುವ ಒಬ್ಬ ಗೆಳೆಯ, ಹಣವನ್ನು ನೇರ ಮನೆಗೆ ಮುಟ್ಟಿಸುವ ಏರ್ಪಾಡು, ಮತ್ತೆ ಎಡವಿದವನನ್ನು ಹಂಗಿಸದೆ ಸಭೆಗೆ ಕರೆತರುವ ನೆರೆಯವರು – ಇವು ಯಾವ ಊರಿಗೂ ಸಾಧ್ಯ.

ನೆರವು ಬೇಕಾದವರು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು; ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446ಕ್ಕೆ ಉಚಿತವಾಗಿ ಕರೆ ಮಾಡಬಹುದು.