ಕುದುರೆಯು ಕಾಯಿಲೆ ಬಿದ್ದರೆ

ಮನೆಯಲ್ಲಿ ಮಗುವಿಗೆ ನೋವಾದರೆ ಅದು ಅತ್ತಾದರೂ ತಿಳಿಸುವುದು. ಕುದುರೆಗೆ ನೋವಾದರೆ ಅದು ಹುರುಳಿಯ ತೊಟ್ಟಿಯಿಂದ ಮುಖವನ್ನು ತಿರುಗಿಸಿ ಸುಮ್ಮನೆ ನಿಂತುಬಿಡುವುದು. ಈ ಸುಮ್ಮನಿರುವಿಕೆಯ ಅರ್ಥವನ್ನು ಒಡೆಯನು ಬೇಗನೆ ತಿಳಿದುಕೊಂಡರೆ ಅನೇಕ ವೇಳೆ ಪ್ರಾಣಿಯು ಬದುಕುವುದು. ತಡವಾಗಿ ತಿಳಿದರೆ ಎಂಥ ವೈದ್ಯನೂ ಕೈಚೆಲ್ಲಬೇಕಾಗುವುದು. ಈ ವಿಷಯದಲ್ಲಿ ನಾವು ಕಂಡುದನ್ನೂ ತಿಳಿದುದನ್ನೂ ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಕಡೂರು, ತರೀಕೆರೆ, ಅಜ್ಜಂಪುರಗಳ ಜನರಿಗೆ ದುಡಿಯುವ ಪ್ರಾಣಿಯ ಬೆಲೆಯನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎನಿಸಿಕೊಂಡು, ಮುಂದೆ ಟಿಪ್ಪೂ ಸುಲ್ತಾನನ ಕಾಲದಲ್ಲಿ 'ಅಮೃತಮಹಲ್' ಎಂದು ಹೆಸರಾದ ದನಗಳ ತಳಿಯನ್ನು ಅಜ್ಜಂಪುರದ ಸರ್ಕಾರಿ ಕೇಂದ್ರದಲ್ಲಿ ಇಂದಿಗೂ ಸಾಕುತ್ತಿರುವರು. ಆ ದನಗಳಿಗಾಗಿಯೇ ಬಿಟ್ಟ ಹುಲ್ಲುಗಾವಲುಗಳಿಗೆ ಈ ಸೀಮೆಯಲ್ಲಿ ಕಾವಲು ಎಂದು ಹೆಸರು. ಹೊಲದ ಕೆಲಸವು ಎತ್ತಿನ ಪಾಲಿಗೆ ಬಂದಂತೆ ಊರೊಳಗಿನ ಓಡಾಟವು ಕುದುರೆಯ ಪಾಲಿಗೆ ಬಂದಿತ್ತು. ಮೂರು ಊರುಗಳಿಗೂ ರೈಲುನಿಲ್ದಾಣವುಂಟು. ಬೀರೂರಿನಿಂದ ತರೀಕೆರೆಯ ಮೇಲೆ ಶಿವಮೊಗ್ಗೆಗೆ 1899ರಲ್ಲಿಯೇ ಗಾಡಿ ಓಡಿತು. ರೈಲಿಳಿದವರನ್ನು ಮನೆ ಮುಟ್ಟಿಸುವ ಭಾರವು ಜಟಕಾ ಕುದುರೆಯದಾಗಿತ್ತು. ಜಟಕಾಗಳು ನಿಲ್ಲುತ್ತಿದ್ದ ಸ್ಥಳದಲ್ಲಿ ಈಗ ಆಟೋರಿಕ್ಷಾಗಳು ನಿಂತಿವೆ. ಆದರೂ ಸವಾರಿಗೆಂದೂ ಮದುವೆಯ ಮೆರವಣಿಗೆಗೆಂದೂ ಕುದುರೆ ಸಾಕುವವರು ನಾಡಿನಲ್ಲಿ ಇದ್ದೇ ಇರುವರು.

ನಾವು ಹುಡುಗರಾಗಿದ್ದಾಗ, ಈಗ್ಗೆ ಸುಮಾರು 60 ವರ್ಷಗಳ ಹಿಂದೆ, ತರೀಕೆರೆಯಲ್ಲಿ ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ಜಟಕಾ ಸಾಹೇಬರಿದ್ದರು. ಅವರ ಕಂದುಬಣ್ಣದ ಹೆಣ್ಣುಕುದುರೆಗೆ ಮೋತಿ ಎಂದು ಹೆಸರು. ಒಂದು ದಿನ ಅದರ ಹಿಂಗಾಲಿನ ಗೊರಸಿಗೆ ತುಕ್ಕುಹಿಡಿದ ಮೊಳೆಯೊಂದು ನಾಟಿತು. ಸಾಹೇಬರು ಮೊಳೆಯನ್ನು ಕಿತ್ತು, ಅರಿಶಿನವನ್ನೂ ಬಿಸಿಯೆಣ್ಣೆಯನ್ನೂ ತುಂಬಿ, ಮೂರು ದಿನ ಬಿಟ್ಟು ಮತ್ತೆ ಗಾಡಿಗೆ ಹೂಡಿದರು. ಮನೆಯಲ್ಲಿ ಆರು ಜನರ ಊಟವು ಆ ಗಾಡಿಯಿಂದಲೇ ನಡೆಯಬೇಕಾಗಿತ್ತಾದ್ದರಿಂದ ಅವರನ್ನು ಹಳಿಯುವಂತಿರಲಿಲ್ಲ.

ಸುಮಾರು ಹತ್ತು ದಿನಗಳಾದ ಮೇಲೆ ಒಂದು ಬೆಳಗ್ಗೆ ಮೋತಿಯು ಹುರುಳಿಯನ್ನು ಮುಟ್ಟಲಿಲ್ಲ. ಕಿವಿಗಳು ನೆಟ್ಟಗೆ ಸೆಟೆದುಕೊಂಡಿದ್ದವು. ಬಾಲವು ಎತ್ತಿದಂತೆಯೇ ನಿಂತಿತ್ತು. ನಾಲ್ಕು ಕಾಲುಗಳೂ ಮರದ ಕುದುರೆಯ ಕಾಲುಗಳಂತೆ ಬಿಗಿದಿದ್ದವು. ಹೊರಗೆ ಯಾರೋ ಕೊಡವನ್ನು ಕೆಳಗಿಟ್ಟ ಸದ್ದಿಗೆ ಅದು ಮೈಯೆಲ್ಲಾ ನಡುಗಿತು. ಕಣ್ಣಿನ ಒಳಮೂಲೆಯಿಂದ ಬಿಳಿಯ ಪೊರೆಯೊಂದು ಹೊರಗೆ ಸರಿಯಿತು. ನೆರೆದವರಲ್ಲಿ ಒಬ್ಬರು ದೃಷ್ಟಿಯೆಂದರು, ಒಬ್ಬರು ಬರೆಹಾಕಿರೆಂದರು, ಮತ್ತೊಬ್ಬರು ಬಿದಿರಿನ ಗೊಟ್ಟದಲ್ಲಿ ಕಷಾಯ ಹೊಯ್ಯಿರೆಂದರು. ಅಷ್ಟರಲ್ಲಿ ನಮ್ಮ ತಂದೆಯವರು ದನದ ಆಸ್ಪತ್ರೆಯ ಡಾಕ್ಟರನ್ನು ಕರೆತಂದರು. ಅವರು ನೋಡಿದೊಡನೆಯೇ, "ಇದು ಧನುರ್ವಾಯು. ಬರೆಯೂ ಬೇಡ, ಗೊಟ್ಟವೂ ಬೇಡ. ಲಾಯವನ್ನು ಕತ್ತಲೆಮಾಡಿ, ಕಿವಿಗೆ ಹತ್ತಿಯಿಡಿ, ಯಾರೂ ಗಟ್ಟಿಯಾಗಿ ಮಾತಾಡಬೇಡಿ," ಎಂದು ಹೇಳಿ, ಗಾಯವನ್ನು ಬಿಡಿಸಿ ತೊಳೆದು ಚುಚ್ಚುಮದ್ದನ್ನು ಕೊಟ್ಟರು.

ಸಾಹೇಬರು ಆರು ರಾತ್ರಿ ಲಾಯದಲ್ಲಿಯೇ ಮಲಗಿದರು. ಬೀದಿಯ ಹೆಂಗಸರು ಕುಟ್ಟುವ ಕೆಲಸವನ್ನು ಹಿತ್ತಲಿಗೆ ಒಯ್ದರು. ನಮ್ಮ ಗೋಲಿಯಾಟವೂ ನಿಂತಿತು. ನಾಲ್ಕನೆಯ ದಿನ ಒಬ್ಬ ಪರಿಚಯದವನು ಬಂದು, "ಇದಕ್ಕೆ ಇನ್ನೂ ಏಕೆ ಖರ್ಚುಮಾಡುತ್ತೀರಿ? ಅಡಿಯಿಡುವಷ್ಟು ಶಕ್ತಿಯಿರುವಾಗಲೇ ರಾತ್ರಿ ಕಾವಲಿನ ಕಡೆ ಬಿಟ್ಟುಬನ್ನಿ, ಕಣ್ಣೆದುರಿಗೆ ಸಾಯುವುದು ತಪ್ಪುತ್ತದೆ," ಎಂದನು. ಸಾಹೇಬರು, "ಹನ್ನೊಂದು ವರ್ಷ ನನ್ನ ಮಕ್ಕಳಿಗೆ ಅನ್ನ ಹಾಕಿದೆಯಪ್ಪಾ. ಸಾಯುವಾಗ ನನ್ನ ಮುಖ ಕಾಣಬೇಡವೇ?" ಎಂದಷ್ಟೇ ಹೇಳಿ ಒಳಗೆ ಹೋದರು. ಏಳನೆಯ ದಿನ ಬೆಳಗಿನ ಜಾವ ಮೋತಿಯು ಸತ್ತಿತು. ಡಾಕ್ಟರು ಹೋಗುವಾಗ, "ಮೊಳೆ ನಾಟಿದ ದಿನವೇ ನನ್ನನ್ನು ಕರೆದಿದ್ದರೆ ಚೆನ್ನಾಗಿತ್ತು," ಎಂದರು. ಬೈಯುವ ದನಿಯಲ್ಲಿ ಅವರು ಹೇಳಲಿಲ್ಲ. ಆದರೂ ಆ ಮಾತು ಸಾಹೇಬರನ್ನು ಬಹುಕಾಲ ಬಾಧಿಸಿತೆಂಬುದನ್ನು ನಾವು ಬಲ್ಲೆವು.

ಧನುರ್ವಾಯುವಿನ ಕ್ರಿಮಿಯು ಮಣ್ಣಿನಲ್ಲಿಯೂ ಲದ್ದಿಯಲ್ಲಿಯೂ ಇರುವುದು. ಗಾಳಿಯಾಡದ ಆಳವಾದ ಗಾಯದಲ್ಲಿ ಅದು ಬೆಳೆದು ವಿಷವನ್ನು ಉಂಟುಮಾಡುವುದು. ಸಾಕುಪ್ರಾಣಿಗಳಲ್ಲಿ ಈ ವಿಷಕ್ಕೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವುದು ಬೇರೊಂದಿಲ್ಲ. ಲಕ್ಷಣಗಳು ಸಾಮಾನ್ಯವಾಗಿ ಒಂದರಿಂದ ಮೂರು ವಾರಗಳಲ್ಲಿ ಕಾಣಿಸುವುವಾದ್ದರಿಂದ, ಮೇಲಿನ ಗಾಯವು ಮಾಯಿತೆಂದು ನಿಶ್ಚಿಂತರಾಗುವುದು ಸರಿಯಲ್ಲ. ಮೊದಲು ನಾಲ್ಕರಿಂದ ಆರು ವಾರಗಳ ಅಂತರದಲ್ಲಿ ಎರಡು ಸಲ, ಆಮೇಲೆ ವರ್ಷಕ್ಕೊಮ್ಮೆ ಲಸಿಕೆ ಹಾಕಿಸಿದರೆ ಈ ರೋಗವನ್ನು ಬಹುಮಟ್ಟಿಗೆ ದೂರವಿಡಬಹುದು. ಅದರ ಖರ್ಚು ಒಂದು ಜೊತೆ ಲಾಳದ ಖರ್ಚಿಗಿಂತ ಹೆಚ್ಚೇನೂ ಅಲ್ಲ.

ಹೀಗಿರುವುದರಿಂದ ಒಡೆಯನ ಮೊದಲನೆಯ ಕರ್ತವ್ಯವು ಪ್ರಾಣಿಯ ಆರೋಗ್ಯದ ಸ್ಥಿತಿಯನ್ನು ಚೆನ್ನಾಗಿ ಬಲ್ಲವನಾಗಿರುವುದು. ವಿಶ್ರಾಂತಿಯಲ್ಲಿರುವ ದೊಡ್ಡ ಕುದುರೆಯ ನಾಡಿಯು ನಿಮಿಷಕ್ಕೆ 28ರಿಂದ 44 ಸಲ ಮಿಡಿಯುವುದು. ದವಡೆಯ ಕೆಳಗಿನ ಅಂಚಿನಲ್ಲಿ ಬೆರಳಿಟ್ಟು ಇದನ್ನು ಎಣಿಸಬಹುದು. ಉಸಿರು ನಿಮಿಷಕ್ಕೆ 8ರಿಂದ 16. ಮೈಯ ಶಾಖವು ಸುಮಾರು 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್. ಕುದುರೆಯು ಚೆನ್ನಾಗಿರುವಾಗಲೇ ಇವನ್ನು ನಾಲ್ಕಾರು ಸಲ ಎಣಿಸಿ ಬರೆದಿಟ್ಟುಕೊಂಡವನಿಗೆ, ಕೆಟ್ಟ ದಿನದಲ್ಲಿ ವ್ಯತ್ಯಾಸವು ಕೂಡಲೇ ತಿಳಿಯುವುದು. ಮೇವು, ನೀರು, ಲದ್ದಿ ಇವುಗಳ ಲೆಕ್ಕವನ್ನು ಮನೆಯ ಹೆಂಗಸರೂ ಮಕ್ಕಳೂ ಇಟ್ಟಿರಬಹುದು.

ಎರಡನೆಯದು, ಕೈಯನ್ನು ತಡೆದುಕೊಳ್ಳುವುದು. ಹೊಟ್ಟೆಶೂಲೆಯನ್ನೇ ತೆಗೆದುಕೊಳ್ಳೋಣ. ಕುದುರೆಯು ನೆಲವನ್ನು ಕೆರೆಯುವುದು, ತಿರುತಿರುಗಿ ಪಕ್ಕೆಯನ್ನು ನೋಡುವುದು, ಬೆವರುವುದು, ಬಿದ್ದು ಹೊರಳುವುದು. ದೇಹಕ್ಕೆ ಹೋಲಿಸಿದರೆ ಅದರ ಜಠರವು ಚಿಕ್ಕದು; ಮೇಲಾಗಿ ಕುದುರೆಯು ವಾಂತಿ ಮಾಡಲಾರದು. ಆದ್ದರಿಂದ ಒಳಗೆ ಕಟ್ಟಿಕೊಂಡುದು ಬಾಯಿಯಿಂದ ಹೊರಬರುವ ದಾರಿಯೇ ಇಲ್ಲ. ಇಂಥ ಸಮಯದಲ್ಲಿ ತಲೆಯನ್ನೆತ್ತಿ ಹಿಡಿದು ಗೊಟ್ಟದಿಂದ ಎಣ್ಣೆಯನ್ನೋ ಕಷಾಯವನ್ನೋ ಹೊಯ್ದರೆ ಅದು ಶ್ವಾಸಕೋಶಕ್ಕೆ ಇಳಿದು ಎರಡನೆಯ ರೋಗವೊಂದನ್ನು ತರುವುದುಂಟು. ಮಾಡಬೇಕಾದುದು ಇಷ್ಟೇ: ಮೇವನ್ನು ತೆಗೆಯುವುದು, ಪೆಟ್ಟಾಗದ ಬಯಲಿನಲ್ಲಿ ನಿಲ್ಲಿಸುವುದು ಅಥವಾ ಮೆಲ್ಲನೆ ನಡೆಸುವುದು, ವೈದ್ಯರಿಗೆ ಹೇಳಿಕಳುಹಿಸುವುದು. ಇನ್ನೊಂದು ಎಚ್ಚರಿಕೆ: ಪ್ರಾಣಿಯು ಜೊಲ್ಲು ಸುರಿಸುತ್ತಾ ನುಂಗಲಾರದೆ ಇದ್ದರೆ ಬರಿಗೈಯನ್ನು ಅದರ ಬಾಯಿಗೆ ಹಾಕಕೂಡದು, ಹುಚ್ಚುನಾಯಿಯ ರೋಗವೂ ಹೀಗೆಯೇ ತೋರುವುದುಂಟು. ಈಗ 1962 ಎಂಬ ಸಂಖ್ಯೆಗೆ ದೂರವಾಣಿಯಲ್ಲಿ ಕರೆದು ಪಶುಚಿಕಿತ್ಸೆಯ ಸಂಚಾರಿ ವಾಹನವನ್ನು ಕೇಳಬಹುದು. ಈ ಸೀಮೆಯವರಿಗೆ ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯವೂ ದೂರವಲ್ಲ.

ಮೂರನೆಯ ಕರ್ತವ್ಯವು ಎಲ್ಲಕ್ಕಿಂತ ಕಠಿನವಾದುದು. ಕುದುರೆಯ ಕಾಲಿನ ಎಲುಬು ಮುರಿದರೆ, ಅದರಲ್ಲಿಯೂ ಮೇಲ್ಭಾಗದಲ್ಲಿ ಮುರಿದರೆ, ಅದನ್ನು ಉಳಿಸುವುದು ಬಹು ಕಷ್ಟ. ಮೂರು ನಾಲ್ಕು ನೂರು ಕಿಲೋ ತೂಗುವ ಪ್ರಾಣಿಯು ವಾರಗಟ್ಟಲೆ ಮಲಗಿರಲಾರದು. ನಿಂತರೆ ಭಾರವೆಲ್ಲಾ ಎದುರುಬದಿಯ ಕಾಲಿನ ಮೇಲೆ ಬಿದ್ದು ಆ ಗೊರಸೂ ಕೆಡುವುದು. ಇಂಥ ಕಡೆ ಆಸೆಯೆಷ್ಟು, ನೋವೆಷ್ಟು ಎಂಬುದನ್ನು ವೈದ್ಯರಿಂದ ಬಿಚ್ಚುಮಾತಿನಲ್ಲಿ ಕೇಳಿ ತಿಳಿಯಬೇಕು. 1960ರ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆಯು ರೋಗದಿಂದಲೋ ಗಾಯದಿಂದಲೋ ಕೆಲಸಕ್ಕೆ ಬಾರದ ಪ್ರಾಣಿಯನ್ನು ದುಡಿಸುವುದನ್ನೂ, ಹಸಿವು ಬಾಯಾರಿಕೆಗಳಿಂದ ನರಳುವಂತೆ ಬಿಟ್ಟುಬಿಡುವುದನ್ನೂ ಅಪರಾಧವೆಂದು ಹೇಳಿದೆ. ಬದುಕಿಸಿಡುವುದೇ ಕ್ರೌರ್ಯವೆನ್ನುವಂಥ ಸ್ಥಿತಿಯಲ್ಲಿ ನೋವಿಲ್ಲದೆ ಕೊನೆಗಾಣಿಸುವುದಕ್ಕೂ ಅದು ಅವಕಾಶವಿತ್ತಿದೆ. ಹಾಗೆ ನಿಶ್ಚಯಿಸಬೇಕಾಗಿ ಬಂದ ಗೃಹಸ್ಥನು ತನ್ನನ್ನು ಕೊಲೆಗಾರನೆಂದು ಎಣಿಸಿಕೊಳ್ಳಬೇಕಾಗಿಲ್ಲ. ಆದರೆ ಆ ಹೊತ್ತಿನಲ್ಲಿ ಅವನು ಅಲ್ಲಿಯೇ ಇದ್ದು, ಅದಕ್ಕೆ ಪರಿಚಯವಾದ ಕೈಯನ್ನು ಅದರ ಕುತ್ತಿಗೆಯ ಮೇಲಿಟ್ಟಿರುವುದು ಉಚಿತವೆಂದು ನಮ್ಮ ಅಭಿಪ್ರಾಯ.

ಇದೆಲ್ಲವೂ ಪರದೇಶದಿಂದ ಬಂದ ವಿಚಾರವೆಂದು ಯಾರೂ ತಿಳಿಯದಿರಲಿ. ಸುಮಾರು ಒಂಬತ್ತು ನೂರು ವರ್ಷಗಳ ಹಿಂದೆಯೇ ಚಾಳುಕ್ಯ ರಾಜಕುಮಾರನಾದ ಕೀರ್ತಿವರ್ಮನು ಕನ್ನಡದಲ್ಲಿ 'ಗೋವೈದ್ಯ'ವನ್ನು ರಚಿಸಿದನು. ಅಭಿನವಚಂದ್ರನು ಕುದುರೆಯ ವೈದ್ಯವನ್ನು ಕುರಿತು ಬರೆದನು. ಹಿಂದಿನವರಿಗೆ ಅಸಾಧ್ಯವಾಗಿದ್ದುದು ನಮ್ಮ ಕಾಲದಲ್ಲಿ ಸಾಧ್ಯವಾಗಿದೆಯೆಂಬುದೊಂದೇ ವ್ಯತ್ಯಾಸ. ಒಂದು ಕಾಲಕ್ಕೆ ಹಟ್ಟಿಹಟ್ಟಿಗಳನ್ನೇ ಬರಿದುಮಾಡುತ್ತಿದ್ದ ದನಗಳ ದೊಡ್ಡರೋಗವನ್ನು ಎದುರಿಸುವುದಕ್ಕಾಗಿ 1925ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಸ್ಥಾಪಿತವಾಯಿತು. 2006ರಲ್ಲಿ ಭಾರತವೂ 2011ರಲ್ಲಿ ಪ್ರಪಂಚವೂ ಆ ರೋಗದಿಂದ ಮುಕ್ತವಾದುವೆಂದು ಸಾರಲಾಯಿತು. ಹಣೆಬರಹವೆಂದು ಅಳುತ್ತಿದ್ದುದನ್ನು ಕಾಯಿಲೆಗೆ ಮುಂಚೆ ಹಾಕಿದ ಲಸಿಕೆಯು ಅಳಿಸಿತಷ್ಟೆ!

ಮೋತಿ ಹೋದ ಮರುವರ್ಷ ಸಾಹೇಬರು ಸಾಲಮಾಡಿ ಇನ್ನೊಂದು ಕುದುರೆಯನ್ನು ತಂದರು. ಅದನ್ನು ಮೊದಲ ಸಲ ಗಾಡಿಗೆ ಹೂಡಿದಾಗ ಹೋದದ್ದು ರೈಲುನಿಲ್ದಾಣಕ್ಕಲ್ಲ, ದನದ ಆಸ್ಪತ್ರೆಗೆ. ಪ್ರತಿ ಸಂಜೆ ಗಾಡಿ ಬಿಚ್ಚಿದ ಮೇಲೆ ಲಾಂದ್ರವನ್ನು ಹಿಡಿದು ನಾಲ್ಕು ಗೊರಸುಗಳನ್ನೂ ಒಂದೊಂದಾಗಿ ಎತ್ತಿ ನೋಡುವರು. ಆಮೇಲೆಯೇ ತಮ್ಮ ಊಟ. ಲಾಂದ್ರವನ್ನು ಹಿಡಿಯುವ ಕೆಲಸವು ಕೆಲವು ದಿನ ನಮ್ಮದಾಗಿತ್ತು. ಮನೆಯಲ್ಲಿ ಯಾವ ಪ್ರಾಣಿಯನ್ನು ಕಟ್ಟಿದವರೂ ದಿನಕ್ಕೆ ಅಷ್ಟು ಹೊತ್ತನ್ನು ಅದಕ್ಕಾಗಿ ಎತ್ತಿಡಲಿ ಎಂದು ನಾವು ಬೇಡುತ್ತೇವೆ.